ಮಾಹಿತಿಯಪ್ಪನ ಕಪ್ಪು ಪೆನ್ನು

ಇಪ್ಪತ್ತೆರಡು ವರ್ಷ ನಗರ ಕಚೇರಿಯ ಜನನ ಮರಣ ವಿಭಾಗದಲ್ಲಿ ಕೂತು, ಹುಟ್ಟಿದವರಿಗೊಂದು ಹೋದವರಿಗೊಂದು ಪ್ರಮಾಣಪತ್ರ ಬರೆದುಕೊಡುತ್ತಾ, ತಾನಾಯಿತು ತನ್ನ ಮೊಹರಾಯಿತು ಎಂದು ಇದ್ದ ಮನುಷ್ಯನನ್ನು ಒಂದು ಸೋಮವಾರ ಎತ್ತಿ ಮಾಹಿತಿ ವಿಭಾಗದ ಕುರ್ಚಿಯಲ್ಲಿ ಕೂರಿಸಿದರೆ ಏನಾಗುತ್ತದೆ? ಏನಾಗಬೇಕೋ ಅದೇ ಆಯಿತು. ಕುರ್ಚಿ ತಿರುಗುವ ಕುರ್ಚಿ. ಅದರ ಜೊತೆ ತಲೆಯೂ ತಿರುಗಿತು.

ಕಚೇರಿಯ ಮೇಡಂ ಕೆಲಸ ವಿವರಿಸಿದ್ದು ಎರಡೇ ನಿಮಿಷ. "ನೋಡಿ, ಕಚೇರಿಯ ಕಾಗದ ಜನರದ್ದು. ಕೇಳಿದವರಿಗೆ ಕೊಡಲೇಬೇಕು. ಆದ್ರೆ ಅದರಲ್ಲಿರೋ ಹೆಸರು, ವಿಳಾಸ ಅವರವರ ಸ್ವಂತದ್ದು. ಅದನ್ನ ಕೊಡೋ ಹಾಗಿಲ್ಲ. ಮೂಲ ಕಾಗದದ ಪ್ರತಿ ತೆಗೀರಿ, ಪ್ರತಿಯಲ್ಲಿ ಹೆಸರಿನ ಮೇಲೆ ಕಪ್ಪು ಬಳೀರಿ, ಕೊಡಿ. ಮೂರು ತಿಂಗಳು ನೋಡ್ತೀನಿ. ಸರಿಹೋಗದಿದ್ರೆ ವಾಪಸ್ ಜನನ ಮರಣ."

ಆ ಸಂಜೆ ಅವನು ಮನೆಗೆ ಬಂದ ಠೀವಿಯನ್ನು ನೀವು ನೋಡಬೇಕಿತ್ತು. ಅಂಗಿಯ ಜೇಬಿನಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ಪೆನ್ನು.

"ತರಕಾರಿ ತಂದ್ರಾ?" ಎಂದಳು ಹೆಂಡತಿ.

"ಅದು ವೈಯಕ್ತಿಕ ಮಾಹಿತಿ."

"ಮರೆತು ಬಂದೆ ಅನ್ನಿ."

ಹೆಂಡತಿಯ ಬಾಯಿ ಅಲ್ಲಿಗೇ ನಿಲ್ಲಲಿಲ್ಲ, ಬೀದಿಗೂ ಹೋಯಿತು. ವಾರ ತುಂಬುವುದರೊಳಗೆ ಬೀದಿಯವರು ಅವನ ನಿಜವಾದ ಹೆಸರು ಮರೆತು ಮಾಹಿತಿಯಪ್ಪ ಎಂದು ಕರೆಯತೊಡಗಿದರು. ಅವನಿಗೆ ಅದೂ ಖುಷಿಯೇ. ಗಂಟೆ ಎಷ್ಟು ಎಂದು ಕೇಳಿದವರಿಗೂ ಅತ್ತಿತ್ತ ನೋಡಿ ಪಿಸುಮಾತಿನಲ್ಲಿ ಹೇಳುತ್ತಿದ್ದ.

ಹೀಗಿರುವಾಗ ಲೆಕ್ಕದ ಮೇಷ್ಟ್ರ ಅರ್ಜಿ ಬಂತು.

ಮೇಷ್ಟ್ರು ಪಕ್ಕದ ಮನೆಯವರು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿ ನಿವೃತ್ತರಾದವರು. ಅವರ ಗೇಟಿನ ಮುಂದೆ ಒಂದು ದೊಡ್ಡ ಮರವಿತ್ತು. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಹೋಗಿಬರುವವರನ್ನೆಲ್ಲ ನಿಲ್ಲಿಸಿ ಮಗ್ಗಿ ಕೇಳುವುದು ಅವರ ದಿನಚರಿ. ಆರು ವರ್ಷದ ಕೆಳಗೆ ಒಂದು ದಿನ ಕಚೇರಿಯ ಲಾರಿ ಬಂತು, "ದೂರು ಬಂದಿದೆ" ಎಂದು ನಾಲ್ಕು ಜನ ಇಳಿದರು, ಮಧ್ಯಾಹ್ನದ ಹೊತ್ತಿಗೆ ಮರ ಇರಲಿಲ್ಲ. ಮೇಷ್ಟ್ರು ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಹದಿಮೂರರ ಮಗ್ಗಿ ತಪ್ಪು ಹೇಳಿದವನನ್ನೂ ತಿದ್ದಲಿಲ್ಲ.

ಈಗ ನಿಮ್ಮ ಕಿವಿಗೆ ಮಾತ್ರ ಒಂದು ಗುಟ್ಟು. ಆ ಮರದ ಮೇಲೆ ದೂರು ಕೊಟ್ಟವನು ನಮ್ಮ ಮಾಹಿತಿಯಪ್ಪನೇ! ಮರದ ಅಂಟು ಹೂಗಳು ಅವನ ಸ್ಕೂಟರಿನ ಸೀಟಿಗೆ ಬಿದ್ದು, ಅವನು ಅದರ ಮೇಲೆ ಕೂತು, ಕಚೇರಿಯಲ್ಲಿ ಎದ್ದಾಗಲೆಲ್ಲ ಹಿಂದಿನಿಂದ ನಗು ಕೇಳಿಸುತ್ತಿತ್ತು. ಒಂದು ದಿನ ಸಿಟ್ಟಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಪುಟ ಗೀಚಿ ಹಾಕಿದ್ದ. ತಿಂಗಳಿಗೇ ಮರ ಹೋಯಿತು. ಮೇಷ್ಟ್ರ ಮುಖ ನೋಡಿದ ಮೇಲೆ ಅವನಿಗೆ ನಿಜ ಹೇಳುವ ಧೈರ್ಯವಿಲ್ಲ, ಸುಮ್ಮನಿರುವ ಶಕ್ತಿಯಿಲ್ಲ. ಕೊನೆಗೆ ಕಂಕುಳಲ್ಲಿ ಚದುರಂಗದ ಹಲಗೆ ಇಟ್ಟುಕೊಂಡು ಅವರ ಜಗಲಿಗೆ ಹೋದ. ಅವತ್ತಿನಿಂದ ಆರು ವರ್ಷ, ಒಂದು ಸಂಜೆಯೂ ತಪ್ಪದೆ ಆರರಿಂದ ಒಂಬತ್ತರವರೆಗೆ ಆಟ. ಮೊದಮೊದಲು ಪಾಪ ತೀರಲಿ ಎಂದು ಬೇಕೆಂದೇ ಸೋಲುತ್ತಿದ್ದ. ಆಮೇಲಾಮೇಲೆ ತಾನಾಗಿಯೇ ಸೋಲತೊಡಗಿದ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಸ್ನೇಹಿತರಾಗಿಬಿಟ್ಟರು.

ಈಗ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಎರಡು ವಾರ ಓದುವ ಹಾಗಿಲ್ಲ. ಸಂಜೆಯ ಆಟವನ್ನೂ ಕಾಯಿ ಮುಟ್ಟಿ ನೋಡಿಯೇ ಆಡುತ್ತಿದ್ದರು. ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ಹಗಲೆಲ್ಲ ಮಾಡಲು ಕೆಲಸವಿಲ್ಲದೆ ಮರದ ನೆನಪು ಬಂತು. ಬರೆಸಿಯೇಬಿಟ್ಟರು ಅರ್ಜಿ: ನಮ್ಮ ಬೀದಿಯಿಂದ ಹತ್ತು ವರ್ಷದಲ್ಲಿ ಬಂದ ಎಲ್ಲ ದೂರುಗಳ ಪ್ರತಿ ಬೇಕು. ಹೆಸರು ಬೇಡ. ನನ್ನ ಮರ ಯಾಕೆ ಹೋಯಿತು ಎಂದು ಗೊತ್ತಾದರೆ ಸಾಕು.

ಅರ್ಜಿಯ ಸುದ್ದಿ ಬೀದಿಗೆ ಹಬ್ಬಿದ ಮರುಬೆಳಿಗ್ಗೆ, ಮಾಹಿತಿಯಪ್ಪ ಹಲ್ಲುಜ್ಜುತ್ತಿರುವಾಗಲೇ ದರ್ಜಿ ಬಂದ.

"ಹೆಸರು ಅಳಿಸ್ತೀರಿ ತಾನೇ?"

"ನೀವೂ ದೂರು ಕೊಟ್ಟಿದ್ರಾ?"

"ಛೆ ಛೆ! ನಾನ್ಯಾಕೆ ಕೊಡ್ಲಿ? ಸುಮ್ನೆ ಕೇಳ್ದೆ. ಒಂದು ವೇಳೆ ಕೊಟ್ಟಿದ್ರೆ, ಎರಡು ಕೋಟು ಬಳೀರಿ."

ದರ್ಜಿ ಹಿತ್ತಲ ಬಾಗಿಲಿಂದ ಹೋದ, ಬೇಕರಿಯವನು ಮುಂಬಾಗಿಲಿಂದ ಬಂದ. ಅವನೂ ಸುಮ್ಮನೆ ಕೇಳಲು ಬಂದವನೇ. ಅವನ ಬೆನ್ನಿಗೆ ಹಲ್ಲಿನ ಡಾಕ್ಟರು ಬಂದು, ಬಂದ ನೆಪಕ್ಕೆ ಮಾಹಿತಿಯಪ್ಪನ ಬಾಯಿ ಬೇರೆ ತೆರೆಸಿ ನೋಡಿದರು. ಎಲ್ಲರಿಗೂ ಅವನದು ಒಂದೇ ಉತ್ತರ: "ನೀವು ನಿಶ್ಚಿಂತೆಯಾಗಿರಿ. ಬಳಿಯೋ ನಾನೇ ಹೆಸರು ನೋಡಲ್ಲ."

"ಚೆನ್ನಾಗಿ ಬಳೀತೀರಿ ತಾನೇ?" ಎಂದು ಹೆಂಡತಿಯೂ ಒಳಗಿನಿಂದ ಮೂರು ಸಲ ಕೇಳಿದಳು. ಗಂಡನ ಕೆಲಸದಲ್ಲಿ ಅವಳಿಗೆ ಇಷ್ಟು ಆಸಕ್ತಿ ಬಂದದ್ದು ಕಂಡು ಅವನ ಎದೆ ಉಬ್ಬಿತು.

ಹೇಳಿದ ಹಾಗೇ ಮಾಡಿದ ಕೂಡ. ಒಟ್ಟು ಹದಿನೇಳು ದೂರು. ಬಣ್ಣದ ಯಂತ್ರದಲ್ಲಿ ಪ್ರತಿ ತೆಗೆದ. ಬಾಗಿಲು ಹಾಕಿದ. ಕನ್ನಡಕ ಕಳಚಿಟ್ಟ. ಕನ್ನಡಕವಿಲ್ಲದಿದ್ದರೆ ಅವನಿಗೆ ಅಕ್ಷರವೆಲ್ಲ ಇರುವೆ ಸಾಲು. ಮೇಲೆ ನಾಲ್ಕು ಬೆರಳು, ಕೆಳಗೆ ನಾಲ್ಕು ಬೆರಳು ಅಳತೆ ಇಟ್ಟು ಜರ್ರ್ ಎಂದು ಎಳೆದ. ಹಸಿರು ಶಾಯಿಯದೊಂದು ಮಾತ್ರ ಮಂಜುಗಣ್ಣಿಗೂ ಗೊತ್ತಾಯಿತು. ಅದಕ್ಕೆ ಮೂರು ಕೋಟು ಬಳಿದ.

ಸಂಜೆಯವರೆಗೆ ಬಳಿದು ಬಳಿದು ಪೆನ್ನಿನ ವಾಸನೆ ಮೂಗಿನಿಂದ ಮಿದುಳಿಗೆ ಏರಿತ್ತು. ಆಗ ಅವನ ಮುಂದೆ ಎರಡು ಕಟ್ಟು. ಒಂದರ ತುಂಬ ಕಪ್ಪು, ಇನ್ನೊಂದು ಶುದ್ಧ ಬಿಳಿ. ಮಾಹಿತಿಯಪ್ಪ ಗಲ್ಲಕ್ಕೆ ಕೈಯಿಟ್ಟು ವಿಚಾರ ಮಾಡಿದ. ಈ ಮನುಷ್ಯ ವಿಚಾರ ಮಾಡಿದಾಗಲೇ ಅನಾಹುತ ಆಗುವುದು, ಮಾಡದಿದ್ದರೆ ಏನೂ ಆಗುವುದಿಲ್ಲ. ಇಷ್ಟೆಲ್ಲ ಕಪ್ಪು ಬಳಿದಿದೆ ಅಂದರೆ ಇದು ಗುಟ್ಟಿನ ಕಾಗದ. ಗುಟ್ಟಿನ ಕಾಗದವನ್ನು ಯಾರಾದರೂ ಹೊರಗೆ ಕೊಡುತ್ತಾರೆಯೇ? ಅದು ಬೀರುವಿನಲ್ಲಿರಬೇಕು. ಒಂದು ಚುಕ್ಕೆ ಕಪ್ಪೂ ಇಲ್ಲದ್ದು ಯಾವುದಿದೆಯೋ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಅದನ್ನು ಕೊಡಬಹುದು. ಹೀಗೆ ತೀರ್ಮಾನಿಸಿ ಕಪ್ಪು ಕಟ್ಟನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದ. ಹೆಸರು ಸಹಿ ಎಲ್ಲ ಇದ್ದ ಹದಿನೇಳು ಮೂಲ ಕಾಗದಗಳನ್ನು ಲಕೋಟೆಗೆ ತುಂಬಿ ಅರಗು ಒತ್ತಿದ.

ಮರುದಿನ ನಾಲ್ಕು ಗಂಟೆಗೆ ಮೇಷ್ಟ್ರು ಹೆಂಡತಿಯ ಕೈ ಹಿಡಿದುಕೊಂಡು ಬಂದು ಲಕೋಟೆ ತೆಗೆದುಕೊಂಡು ಹೋದರು. ಹೋಗುವಾಗ, "ಆರು ಗಂಟೆಗೆ ಬೀದಿಯವರನ್ನೆಲ್ಲ ಜಗಲಿಗೆ ಕರೆದಿದ್ದೀನಿ ಕಣಯ್ಯ. ಎಲ್ಲರೆದುರಿಗೇ ಒಡೆದು ಓದಿಸ್ತೀನಿ. ನೀನೂ ಬಾ," ಎಂದರು.

ಐದಕ್ಕೆ ಮೇಡಂ ಏನೋ ಹುಡುಕಲು ಬೀರು ತೆರೆದರು.

"ಏನ್ರೀ ಇದು?"

"ಗುಟ್ಟಿನ ಕಾಗದ ಮೇಡಂ," ಎಂದ ಹೆಮ್ಮೆಯಿಂದ.

"ಕಪ್ಪು ಬಳಿದದ್ದು ಇಲ್ಲಿದೆ. ಹಾಗಾದ್ರೆ ಅಲ್ಲಿಗೆ ಹೋಗಿದ್ದೇನು?"

ಮಾಹಿತಿಯಪ್ಪ ಕಪ್ಪು ಕಟ್ಟನ್ನು ಎಳೆದು ಮೊದಲ ಪುಟ ನೋಡಿದ, ಕೊನೆಯ ಪುಟ ನೋಡಿದ.  

"ನಾಳೆ ಹತ್ತು ಗಂಟೆಗೆ ಆ ಹದಿನೇಳೂ ಈ ಮೇಜಿನ ಮೇಲಿರಬೇಕು," ಎಂದರು ಮೇಡಂ ಮೆಲ್ಲಗೆ. ಮೇಡಂ ಮೆಲ್ಲಗೆ ಮಾತಾಡಿದರೆ ಕಚೇರಿಯ ಗಡಿಯಾರವೂ ಹೆದರುತ್ತಿತ್ತು. "ಇಲ್ಲದಿದ್ರೆ ಜನನ ಮರಣಕ್ಕೂ ಕಳಿಸಲ್ಲ, ಮನೆಗೇ ಕಳಿಸ್ತೀನಿ."

ಆದರೆ ನಿಜ ಹೇಳಬೇಕೆಂದರೆ, ಕಪ್ಪು ಕಟ್ಟನ್ನು ಚೀಲಕ್ಕೆ ತುರುಕಿಕೊಂಡು ಸ್ಕೂಟರು ಒದೆಯುವಾಗ ಅವನ ತಲೆಯಲ್ಲಿದ್ದದ್ದು ಕೆಲಸವಲ್ಲ. ಹಸಿರು ಶಾಯಿಯ ಆ ಒಂದು ಪುಟ. ಅದರ ಕೆಳಗೆ ಅವನ ಹೆಸರು, ಉದ್ದುದ್ದ ಸಹಿ. ಮೇಷ್ಟ್ರು ಅದನ್ನು ಕೇಳಿದ ಮೇಲೆ ನಾಳೆ ಸಂಜೆ ಆರು ಗಂಟೆಗೆ ತಾನು ಎಲ್ಲಿಗೆ ಹೋಗುವುದು?

ಜಗಲಿ ತುಂಬಿತ್ತು. ಬೀದಿಯವರೆಲ್ಲ ಮದುವೆ ಮನೆಗೆ ಬಂದವರ ಹಾಗೆ ನಗುತ್ತಿದ್ದರು, ಒಳಗೊಳಗೇ ಬೆವರುತ್ತಿದ್ದರು. ಮೇಷ್ಟ್ರು ನಡುವೆ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನೀನು ಓದು," ಎಂದು ಹೆಂಡತಿಗೆ ಹೇಳಿದರು.

"ನಾನು ಓದಲ್ಲ. ಬೀದಿ ಉಸಾಬರಿ ನನಗೆ ಬೇಡ," ಎಂದು ಆಕೆ ಬಾಗಿಲಿಗೆ ಒರಗಿ ನಿಂತರು.

"ಹಾಗಾದ್ರೆ ಡಾಕ್ಟ್ರು ಓದ್ಲಿ," ಎನ್ನುವಷ್ಟರಲ್ಲಿ ಮಾಹಿತಿಯಪ್ಪ ಇಬ್ಬರನ್ನು ದಾಟಿ, ಒಬ್ಬರ ಕಾಲು ತುಳಿದು, ಲಕೋಟೆಯ ಮೇಲೆ ಬಿದ್ದಿದ್ದ. "ನಾನು ಓದ್ತೀನಿ! ಇದನ್ನ ಓದೋಕೆ ತರಬೇತಿ ಬೇಕು. ತರಬೇತಿ ಇಲ್ಲದವರು ಓದಿದ್ರೆ ಅಪರಾಧ!"

ಯಾರಿಗೂ ಆ ಕಾಯ್ದೆ ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ. ಅವನು ಕಾಗದಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಮೊದಲನೆಯದನ್ನು ಓದಿದ.

"'ಎದುರಿನ ಬೇಕರಿಯಿಂದ ಇಡೀ ದಿನ ಬನ್ನಿನ ವಾಸನೆ ಬರುತ್ತದೆ. ನನ್ನಲ್ಲಿ ಅಳತೆ ಕೊಟ್ಟು ಹೋದವರು ಬಟ್ಟೆ ಹೊಲಿದು ಮುಗಿಯುವುದರೊಳಗೆ ಎರಡು ಇಂಚು ದಪ್ಪಗಾಗಿರುತ್ತಾರೆ. ತಪ್ಪು ನನ್ನ ಮೇಲೆ ಬರುತ್ತದೆ. ಇಂತಿ...'" ಕೆಳಗೆ ದರ್ಜಿಯ ಪೂರ್ತಿ ಹೆಸರಿತ್ತು. "ಕಪ್ಪು!" ಎಂದ.

"ಕಪ್ಪು ಅಂದ್ರೆ?" ಎಂದರು ಮೇಷ್ಟ್ರು.

"ಹೆಸರು ಅಳಿಸಿದೆ ಮೇಷ್ಟ್ರೇ. ಯಾರು ಅಂತ ಯಾರಿಗೂ ಗೊತ್ತಾಗಲ್ಲ."

ಬೇಕರಿಯವನು ದರ್ಜಿಯ ಕಡೆ ನಿಧಾನವಾಗಿ ತಿರುಗಿದ. ದರ್ಜಿ ಛಾವಣಿಯಲ್ಲಿ ಏನನ್ನೋ ಹುಡುಕತೊಡಗಿದ.

"ಮುಂದಿನದು. 'ಹಲ್ಲಿನ ಆಸ್ಪತ್ರೆಯ ಮುಂದೆ, ಸರಿಯಾಗಿ ನನ್ನ ಒಲೆಗೆ ಎದುರಾಗಿ, ಸಿಹಿ ತಿಂದರೆ ಹಲ್ಲು ಹೋಗುತ್ತದೆ ಎಂದು ಬೋರ್ಡು ಹಾಕಿದ್ದಾರೆ. ಅದರಲ್ಲಿ ಚಿತ್ರ ಬರೆದಿರುವ ಕೇಕು ನನ್ನ ಕೇಕೇ.' ಕಪ್ಪು!"

"ಓಹೋ!" ಎಂದು ಎದ್ದರು ಡಾಕ್ಟರು.

"'ಗೋಡೆಯ ಆಚೆ ಹೊಲಿಗೆ ಯಂತ್ರ ಓಡಿದಾಗ ಈಚೆ ನನ್ನ ಕೈ ನಡುಗುತ್ತದೆ. ಹೋದ ವಾರ ಒಬ್ಬರ ಪಕ್ಕದ ಹಲ್ಲು ಬಂತು.' ಕಪ್ಪು!"

"ಪಕ್ಕದ ಹಲ್ಲು? ಅದು ನಂದು!" ಎಂದು ಯಾರೋ ಹಿಂದಿನಿಂದ ಕೂಗಿದರು.

ಕಪ್ಪು ಕಪ್ಪು ಎಂದು ಹೇಳಿ ಹೇಳಿ ಮಾಹಿತಿಯಪ್ಪನ ಗಂಟಲು ಒಣಗಿತು. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಬಟಾಬಯಲಾಗಿತ್ತು. ಹನ್ನೆರಡನೆಯದರ ಹೊತ್ತಿಗೆ ಬೀದಿಯಲ್ಲಿ ಯಾರು ಯಾರ ಪಕ್ಕ ಕೂರಬಾರದು ಎಂದು ಎಲ್ಲರಿಗೂ ಸ್ಪಷ್ಟವಾಗಿ, ಕುರ್ಚಿಗಳು ತಾವಾಗಿಯೇ ಜರುಗಿದ್ದವು.

ಹದಿನೈದನೆಯದು. "'ನಮ್ಮ ಬೀದಿಯ ಒಂದು ಸ್ಕೂಟರು ಬೆಳಿಗ್ಗೆ ಹದಿನಾಲ್ಕು ಸಲ ಒದ್ದ ಮೇಲೆ ಶುರುವಾಗುತ್ತದೆ. ಒದೆಯುವವರು ಒದೆತಕ್ಕೊಂದು ಬೈಗುಳ ಬೈಯುತ್ತಾರೆ. ಅದೂ ನನ್ನ ಮಲಗುವ ಕೋಣೆಯ ಕಿಟಕಿಯ ಕೆಳಗೇ. ದಯವಿಟ್ಟು ಸ್ಕೂಟರನ್ನು ವಶಪಡಿಸಿಕೊಳ್ಳಿ.' ಇಂತಿ..." ಅವನು ಸಹಿ ನೋಡಿದ. ಇನ್ನೊಮ್ಮೆ ನೋಡಿದ. ಆ ಕೋಣೆಯಲ್ಲಿ ಮಲಗುವವರು ಇಬ್ಬರೇ, ಅದರಲ್ಲಿ ಒಬ್ಬ ತಾನು. "ಕ... ಕಪ್ಪು," ಎಂದ. ಅವನ ಹೆಂಡತಿ ಪಕ್ಕದವಳ ಹತ್ತಿರ ತುಂಬಾ ಮುಖ್ಯವಾದ ವಿಷಯ ಮಾತಾಡುತ್ತಿದ್ದಳು.

ಹದಿನಾರನೆಯದು ಹಸಿರು ಶಾಯಿ. ಹಾರಿಸಿಬಿಡೋಣ ಎಂದು ಪುಟ ಮಗುಚುವಾಗ ಅದರ ಅಂಚಿನಲ್ಲಿ ಕಚೇರಿಯ ಷರಾ ಕಣ್ಣಿಗೆ ಬಿತ್ತು: ಮರದಿಂದ ಹೂ ಬೀಳುವುದು ಸಹಜ. ದೂರು ತಿರಸ್ಕರಿಸಿದೆ.

ತಿರಸ್ಕಾರ! ಅಂದರೆ ಮರ ಹೋದದ್ದು ತನ್ನಿಂದಲ್ಲ! ಆರು ವರ್ಷ ಹೊತ್ತ ಮೂಟೆ ಧೊಪ್ಪೆಂದು ಇಳಿಯಿತು. ಅಲ್ಲೇ ಎದ್ದು ಕುಣಿಯಬೇಕು ಅನ್ನಿಸಿತು. ಆರು ವರ್ಷದಲ್ಲಿ ಸುಮಾರು ಎರಡು ಸಾವಿರ ಆಟ ಸೋತದ್ದೆಲ್ಲ ದಂಡ! ಹಾಗಾದರೆ ಮರ ಕಡಿಸಿದ ಆ ಪಾಪಿ ಯಾರು? ಕಿವಿಯವರೆಗೆ ನಗುತ್ತಾ ಕೊನೆಯ ಪುಟ ಎತ್ತಿದ.

"ಅದೇ ಇರಬೇಕು," ಎಂದರು ಮೇಷ್ಟ್ರು. ಅವರ ಧ್ವನಿ ಬದಲಾಗಿತ್ತು. "ಓದಯ್ಯ."

ಮಾಹಿತಿಯಪ್ಪ ಮನಸ್ಸಿನಲ್ಲೇ ಓದಿಕೊಂಡ. 'ನನ್ನ ಯಜಮಾನರು ಮೂವತ್ತು ವರ್ಷ ಶಾಲೆಯಲ್ಲಿದ್ದರು. ನಿವೃತ್ತರಾದ ಮೇಲಾದರೂ ಮನೆಯಲ್ಲಿರುತ್ತಾರೆ ಎಂದುಕೊಂಡೆ. ಈಗ ಮರದ ಕೆಳಗಿದ್ದಾರೆ. ಬೀದಿಯಲ್ಲಿ ಹೋಗುವವರ ಜೊತೆ ಇಡೀ ದಿನ ಮಾತಾಡುತ್ತಾರೆ. ನೆರಳು ಇಲ್ಲದಿದ್ದರೆ ಒಳಗೆ ಬಂದಾರು. ಮರದ ಬೇರಿನಿಂದ ಕಾಂಪೌಂಡು ಬಿರುಕು ಬಿಟ್ಟಿರುವುದೂ ನಿಜ. ದಯವಿಟ್ಟು ಕಡಿಸಿಕೊಡಿ.' ಅಂಚಿನಲ್ಲಿ: ಬಿರುಕು ಪರಿಶೀಲಿಸಿದೆ. ಒಪ್ಪಿದೆ.

ಅವನು ತಲೆಯೆತ್ತಿದ. ಬಾಗಿಲ ಬಳಿ ಆಕೆ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು.

ಈ ಕಾಗದದಲ್ಲಿ ಕಪ್ಪು ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೊದಲ ಸಾಲು ಓದಿದರೇ ಮುಗಿಯಿತು. ಮೂರು ವಾರದಿಂದ ಊರಿಗೆಲ್ಲ ವೈಯಕ್ತಿಕ ಮಾಹಿತಿ ಎಂದು ಜಂಬ ಕೊಚ್ಚಿಕೊಂಡವನ ಕೈಯಲ್ಲಿ ಈಗ ನಿಜವಾದದ್ದೊಂದು ಇತ್ತು. ಅದು ಬಿಸಿಬಿಸಿಯಾಗಿತ್ತು.

"ಗಂಟಲು ಹಿಡೀತಾ?" ಎಂದರು ಮೇಷ್ಟ್ರು.

ಮಾಹಿತಿಯಪ್ಪ ಕೆಮ್ಮಿದ. ಸುಳ್ಳು ಕಟ್ಟಿ ಓದೋಣ ಎಂದರೆ ಒಂದೂ ಹೊಳೆಯಲಿಲ್ಲ. ಮರದ ಬಗ್ಗೆ ಬಾಯಿಪಾಠವಿದ್ದದ್ದು ಒಂದೇ ದೂರು.

"'ಸದರಿ ಮರದ ಅಂಟು ಹೂಗಳು ನನ್ನ ಸ್ಕೂಟರಿನ ಸೀಟಿನ ಮೇಲೆ ಬೀಳುತ್ತವೆ. ಎದ್ದಾಗ ಕಚೇರಿಯಲ್ಲಿ ನಗುತ್ತಾರೆ. ಆದ್ದರಿಂದ...'"

"ನಿಲ್ಲಿಸು," ಎಂದರು ಮೇಷ್ಟ್ರು. "ಈ ಬೀದಿಯಲ್ಲಿ ಇರೋದು ಒಂದೇ ಸ್ಕೂಟರು."

ಎಲ್ಲರ ತಲೆಯೂ ಒಮ್ಮೆಲೇ ಮಾಹಿತಿಯಪ್ಪನ ಕಡೆ ತಿರುಗಿತು.

"ನಾನೇ ಮೇಷ್ಟ್ರೇ," ಎಂದ ಮಾಹಿತಿಯಪ್ಪ. "ನಾನೇ ಬರೆದದ್ದು."

ಅಷ್ಟು ಸಾಕಾಯಿತು ನೋಡಿ! ಮೊದಲು ಚುರುಕಾದವನು ದರ್ಜಿ. "ಹಾಗಾದ್ರೆ ಬನ್ನಿನ ದೂರೂ ಇವರದ್ದೇ! ನನ್ನ ಥರ ಬರೆದು ನನ್ನ ಮರ್ಯಾದೆ ತೆಗೆದಿದ್ದಾರೆ!"

"ಬೋರ್ಡಿನ ದೂರೂ ಇವನದ್ದೇ!" ಎಂದ ಬೇಕರಿಯವನು.

"ಹೊಲಿಗೆ ಯಂತ್ರದ್ದೂ!" ಎಂದರು ಡಾಕ್ಟರು. "ನನ್ನ ಕೈ ಯಾವತ್ತೂ ನಡುಗಿಲ್ಲ!"

ಹೀಗೆ ಒಂದೊಂದಾಗಿ, ಬೀದಿಯ ಪ್ರತಿಯೊಬ್ಬರೂ ತಂತಮ್ಮ ದೂರನ್ನು ತಂದು ಅವನ ತಲೆಗೆ ಕಟ್ಟಿ ಹಗುರಾದರು. ಐದು ನಿಮಿಷದಲ್ಲಿ ಹದಿನೇಳೂ ದೂರುಗಳ ಕರ್ತೃ ಒಬ್ಬನೇ ಆಗಿಬಿಟ್ಟ. ದರ್ಜಿ ಬೇಕರಿಯವನ ಹೆಗಲ ಮೇಲೆ ಕೈ ಹಾಕಿದ. ಡಾಕ್ಟರು ಇಬ್ಬರ ಕೈ ಕುಲುಕಿದರು. ಇಷ್ಟು ಒಗ್ಗಟ್ಟನ್ನು ಆ ಬೀದಿ ಹತ್ತು ವರ್ಷದಲ್ಲಿ ಕಂಡಿರಲಿಲ್ಲ.

"ಸ್ಕೂಟರಿನ ಮೇಲಿನ ದೂರೂ ನಾನೇ ಕೊಟ್ಟೆನಾ? ನನ್ನ ಸ್ಕೂಟರಿನ ಮೇಲೆ?" ಎಂದು ಮಾಹಿತಿಯಪ್ಪ ಅಳುವ ಧ್ವನಿಯಲ್ಲಿ ಕೇಳಿದ.

"ಕೊಟ್ಟಿರ್ತೀರಿ!" ಎಂದಳು ಅವನ ಹೆಂಡತಿ, ಎಲ್ಲರಿಗಿಂತ ಜೋರಾಗಿ. "ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ?"

ಮೇಷ್ಟ್ರು ಮಾತ್ರ ತಡಕಾಡಿ ಎದ್ದು, ಚದುರಂಗದ ಹಲಗೆ ಮುಟ್ಟಿ ನೋಡಿ, ಅದನ್ನು ಅವನ ಕೈಗೆ ಕೊಟ್ಟರು. "ನಾಳೆಯಿಂದ ಬರಬೇಡ," ಎಂದರು. ಅವನು ಚೀಲದಿಂದ ಕಪ್ಪು ಪ್ರತಿಗಳನ್ನು ತೆಗೆದು, ಕೊನೆಯ ಎರಡಕ್ಕೆ ಮೇಲಿಂದ ಕೆಳಗಿನವರೆಗೂ ಕಪ್ಪು ಬಳಿದು, ಲಕೋಟೆಗೆ ತುಂಬಿ ಅವರ ಕುರ್ಚಿಯ ಮೇಲಿಟ್ಟ. ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಮೂಲ ಕಾಗದ ಚೀಲದಲ್ಲಿತ್ತು, ಕೆಲಸ ಉಳಿದಿತ್ತು. ಅವನು ಮಾತ್ರ ಮನೆಗೆ ಬಂದವನೇ ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಹತ್ತು ಗಂಟೆಗೆ ಮೇಡಂ ಹದಿನೇಳನ್ನೂ ಎಣಿಸಿಕೊಂಡು "ಹೂಂ" ಎಂದರು. ಹತ್ತೂಕಾಲಿಗೆ ಮಾಹಿತಿಯಪ್ಪ ಅರ್ಜಿ ತೆಗೆದುಕೊಳ್ಳುವ ಕಿಟಕಿ ತೆರೆದ. ಸಾಲಿನಲ್ಲಿ ಮೊದಲು ನಿಂತಿದ್ದವರು ಮೇಷ್ಟ್ರ ಹೆಂಡತಿ. ಪಕ್ಕದಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಯಾಕೆ ಕರೆತಂದಿದ್ದಾಳೆಂದು ಗೊತ್ತಿಲ್ಲದೆ ಗೊಣಗುತ್ತಾ ಮೇಷ್ಟ್ರು.

"ನಾನೇ ಬರೆದ ಕಾಗದ ನನಗೆ ಕೊಡ್ತೀರಾ?" ಎಂದರು ಆಕೆ.

"ಅಕ್ಕ, ಬೇಡ..." ಎಂದ ಮಾಹಿತಿಯಪ್ಪ ಪಿಸುಗುಟ್ಟಿ. "ನಾನು ಮುಚ್ಚಿಟ್ಟಿದ್ದೀನಿ. ಯಾರಿಗೂ ಗೊತ್ತಾಗಲ್ಲ."

"ನನ್ನ ಹೆಸರು ನನ್ನ ಸ್ವಂತದ್ದು ತಾನೇ? ಮುಚ್ಚಿಡೋಕೂ ನನ್ನದೇ, ತೆಗೆಯೋಕೂ ನನ್ನದೇ. ಕೊಡಿ."

ಅವನು ಮೇಡಂ ಕಡೆ ನೋಡಿದ. ಮೇಡಂ ತಲೆಯಾಡಿಸಿದರು. ಆಕೆ ಪ್ರತಿ ತೆಗೆದುಕೊಂಡು, ಕಿಟಕಿಯ ಮುಂದೆಯೇ ನಿಂತು, ಗಂಡನಿಗೆ ಕೇಳುವ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಅಕ್ಷರವನ್ನೂ ನುಂಗಲಿಲ್ಲ. ಸಾಲಿನಲ್ಲಿದ್ದವರೆಲ್ಲ ಅರ್ಜಿ ಮರೆತು ಮೈಯೆಲ್ಲ ಕಿವಿಯಾಗಿ ಮುಂದಕ್ಕೆ ಬಾಗಿದರು.

ಓದಿ ಮುಗಿಸಿ ಆಕೆ ಮಾಹಿತಿಯಪ್ಪನ ಕಡೆ ತಿರುಗಿದರು. "ಮರ ಹೋಯ್ತು, ಇನ್ನು ಒಳಗೆ ಬರ್ತಾರೆ ಅಂತ ಕಾದೆ. ಮೂರೇ ದಿನಕ್ಕೆ ನೀವು ಹಲಗೆ ಹಿಡ್ಕೊಂಡು ಬಂದ್ರಿ! ಮರ ಕಡಿಸೋಕೆ ಈ ಆಫೀಸಿತ್ತು. ನಿಮ್ಮನ್ನ ಕಡಿಸೋಕೆ ಯಾವ ಆಫೀಸಿಗೆ ಬರೀಬೇಕು ಅಂತ ಆರು ವರ್ಷದಿಂದ ಯೋಚಿಸ್ತಿದ್ದೀನಿ."

ಮೇಷ್ಟ್ರು ಕೈ ಚಾಚಿ ಕಿಟಕಿಯ ಕಟ್ಟೆ ಹುಡುಕಿ ಹಿಡಿದುಕೊಂಡರು. "ಮಾಹಿತಿಯಪ್ಪ, ಹಾಗಾದ್ರೆ ನಿನ್ನೆ ಓದಿದ ಅಂಟು ಹೂವಿನ ದೂರು ಸುಳ್ಳಾ?"

"ನಿಜ ಮೇಷ್ಟ್ರೇ. ನಾನೂ ಬರೆದಿದ್ದೆ. ತಿರಸ್ಕಾರ ಆಗಿತ್ತು."

"ಎಂಥ ದಡ್ಡ ನೀನು! ದೂರು ಕೊಡೋದ್ರಲ್ಲೂ ಫೇಲು." ಹಾಗೆಂದು ಕಿಟಕಿಯ ಕಟ್ಟೆಯನ್ನು ಬೆರಳಿನಿಂದ ಕುಟ್ಟಿದರು.  "ಸಂಜೆ ಹಲಗೆ ತಗೊಂಡು ಬಾ."

"ಎಂಟರ ಮೇಲೆ," ಎಂದರು ಹೆಂಡತಿ.

"ಎಂಟರ ಮೇಲೆ," ಎಂದು ಮೇಷ್ಟ್ರು ಒಪ್ಪಿಕೊಂಡರು. ಆಮೇಲೆ ಕೈ ಚಾಚಿ ಹೆಂಡತಿಯ ಕೈ ಹುಡುಕಿದರು. ಬಾಯಿ ತೆರೆದರು. ಇಷ್ಟು ವರ್ಷ ಆಡದ ಮಾತು ತುದಿನಾಲಿಗೆಗೆ ಬಂದಂತಿತ್ತು. ಸಾಲಿನಲ್ಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಇನ್ನೂ ಹತ್ತಿರ ಬಂದರು. "ಹೇಳಿ ಯಜಮಾನ್ರೇ, ಹೇಳಿ!" ಎಂದು ಒಬ್ಬ ಹುರಿದುಂಬಿಸಿದ.

ಮಾಹಿತಿಯಪ್ಪ ಕುರ್ಚಿಯಿಂದ ಎದ್ದ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಧ್ವನಿಯೊಂದು ಅವನಿಂದ ಹೊರಟಿತು.

"ಎಲ್ಲಾ ಆ ಕಡೆ ತಿರುಗ್ರೀ! ಇದು ವೈಯಕ್ತಿಕ ಮಾಹಿತಿ!"

ಇಡೀ ಸಾಲು ಬೆಚ್ಚಿ ಗೋಡೆಯ ಕಡೆ ತಿರುಗಿತು. ಒಳಗೆ ಮೇಡಂ ಕೂಡ, ಕೈಯಲ್ಲಿದ್ದ ಫೈಲಿನ ಸಮೇತ, ಬೀರುವಿನ ಕಡೆ ತಿರುಗಿ ನಿಂತರು. ಕೊನೆಗೆ ಮಾಹಿತಿಯಪ್ಪನೂ ಕಿಟಕಿಗೆ ಬೆನ್ನು ಹಾಕಿದ. ಮೇಷ್ಟ್ರು ಹೆಂಡತಿಗೆ ಏನು ಹೇಳಿದರು ಎಂಬುದು ಅವನೊಬ್ಬನಿಗೆ ಚೆನ್ನಾಗಿಯೇ ಕೇಳಿಸಿತು. ಏನು ಹೇಳಿದರು ಎಂದು ಕೇಳಬೇಡಿ. ಅರ್ಜಿ ಕೊಟ್ಟರೂ ಅವನು ಹೇಳುವುದಿಲ್ಲ.